ಹಾಡಿಸುವವರು ಯಾರು? ಧರ್ಮಕೇಂದ್ರದ ಸಂಗೀತ ನಿರ್ದೇಶಕರ ಹೊಣೆ



ಚರ್ಚಿನ ಕಟ್ಟಡ, ವಾರ್ಷಿಕ ಹಬ್ಬ, ಲೆಕ್ಕಪತ್ರ ಇವುಗಳ ಬಗ್ಗೆ ನಾವು ಸಭೆ ಸೇರಿ ಮಾತಾಡುತ್ತೇವೆ. ಭಾನುವಾರದ ಹಾಡಿನ ಬಗ್ಗೆ ಮಾತಾಡುವುದು ಮಾತ್ರ ಕಡಿಮೆ. ಹಾಡು ಚಂದ ಬಂದರೆ "ಇವತ್ತು ಕೊಯರ್ ಲಾಯ್ಕಿತ್ತ್" ಅಂತೇವೆ, ಕೆಟ್ಟರೆ ಮೈಕಿನವರನ್ನು ಬೈತೇವೆ, ಅಲ್ಲಿಗೆ ಮುಗಿಯಿತು. ಬೈಂದೂರು, ಯಡ್ತರೆ ಕಡೆಯ ನಮ್ಮಂತಹ ಊರುಗಳಲ್ಲಿ ಈ ವಿಷಯವನ್ನು ಇನ್ನು ಮುಂದೂಡುವ ಹಾಗಿಲ್ಲ. ಕೀಬೋರ್ಡ್ ನುಡಿಸಲು ಕಲಿತ ಹುಡುಗ ಪಿಯುಸಿ ಮುಗಿಸಿ ಮಂಗಳೂರಿಗೋ ಬೆಂಗಳೂರಿಗೋ ಹೋಗುತ್ತಾನೆ, ಅಲ್ಲಿಂದ ಗಲ್ಫಿಗೆ. ಚಂದ ಹಾಡುವ ಹುಡುಗಿ ಮದುವೆಯಾಗಿ ಬೇರೆ ಊರು ಸೇರುತ್ತಾಳೆ. ಉಳಿದವರು ಪೆನ್ ಡ್ರೈವಿನಲ್ಲಿ ರೆಡಿ ಸಂಗೀತ ಹಾಕಿ ಅದರ ಹಿಂದೆ ಹಾಡುತ್ತಾರೆ. ಜನ ಕೈಕಟ್ಟಿ ಕೇಳುತ್ತಾರೆ. ಹೀಗೇ ಹೋದರೆ ಹತ್ತು ವರ್ಷದಲ್ಲಿ ಹಾಡು ಗೊತ್ತಿರುವವರೇ ಇರುವುದಿಲ್ಲ. ಆದ್ದರಿಂದ ಈ ಪಾಠದಲ್ಲಿ ಧರ್ಮಕೇಂದ್ರದ ಸಂಗೀತ ನಿರ್ದೇಶಕರು, ಬಾಯಿಮಾತಿನಲ್ಲಿ ಕೊಯರ್ ಮಾಸ್ಟರ್, ಯಾವ ಕೆಲಸಕ್ಕೆ ಇರುವವರು ಎಂಬುದನ್ನು ನೋಡೋಣ.

1. ಹಿಂದೆ ಹೇಗಿತ್ತು?

ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಹೆಚ್ಚಿನವರ ಹಿರಿಯರು ಗೋವೆಯಿಂದ ಬಂದವರು. ಕುಂದಾಪುರದ ಹೋಲಿ ರೋಜರಿ ಚರ್ಚ್ 1570ರದ್ದು. ಗೋವೆಯಲ್ಲಿ 16ನೇ ಶತಮಾನದಿಂದಲೇ ಚರ್ಚಿಗೆ ಅಂಟಿಕೊಂಡು ಶಾಲೆಗಳು ಆರಂಭವಾದವು. ಅಲ್ಲಿನ ಮೇಷ್ಟ್ರನ್ನು ಪೋರ್ಚುಗೀಸ್ ಭಾಷೆಯಲ್ಲಿ ‘ಮೆಸ್ತ್ರೆ’ ಎನ್ನುತ್ತಿದ್ದರು. ಅವರು ಮಕ್ಕಳಿಗೆ ಜಪದ ಜತೆಗೆ ಸ್ವರ ಓದುವುದು, ಪಿಟೀಲು ನುಡಿಸುವುದು, ಪೂಜೆಯಲ್ಲಿ ಹಾಡುವುದು ಎಲ್ಲವನ್ನೂ ಕಲಿಸುತ್ತಿದ್ದರು. ಭಾನುವಾರ ಅವರೇ ಗಾಯನ ಮಂಡಳಿಯನ್ನು ನಡೆಸುತ್ತಿದ್ದರು.

ಆ ಪದ್ಧತಿಯ ಫಲ ಬಹಳ ದೂರ ಹೋಯಿತು. ಮುಂಬೈ ಸಿನಿಮಾ ಸಂಗೀತದ ವಾದ್ಯವೃಂದಗಳಲ್ಲಿ ಗೋವೆಯ ವಾದಕರು ತುಂಬಿದ್ದರು. ಅವರಲ್ಲಿ ಒಬ್ಬರು ಮಜೋರ್ಡಾ ಗ್ರಾಮದ ಆಂಥೋನಿ ಗೊನ್ಸಾಲ್ವಿಸ್ (1927-2012). ಅವರ ತಂದೆ ಊರ ಚರ್ಚಿನ ಕೊಯರ್ ಮಾಸ್ಟರ್. ‘ಅಮರ್ ಅಕ್ಬರ್ ಆಂಥೋನಿ’ (1977) ಚಿತ್ರದ ನಾಯಕನಿಗೆ ಇವರದೇ ಹೆಸರು. ಸಂಗೀತ ನಿರ್ದೇಶಕ ಪ್ಯಾರೇಲಾಲ್ ಇವರ ಶಿಷ್ಯರು. ಒಂದು ಹಳ್ಳಿಯ ಚರ್ಚಿನಲ್ಲಿ ಒಬ್ಬ ಮೇಷ್ಟ್ರು ಮನಸ್ಸಿಟ್ಟು ಕಲಿಸಿದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಆದರೆ ಆ ಕಾಲದ ಹಾಡು ಹೆಚ್ಚಾಗಿ ಲತೀನಿನಲ್ಲಿತ್ತು. ಅನೇಕ ಹಳೆ ಚರ್ಚುಗಳಲ್ಲಿ ಗಾಯಕರು ಮುಖ್ಯದ್ವಾರದ ಮೇಲಿನ ಅಟ್ಟದಲ್ಲಿ ನಿಂತು ಹಾಡುತ್ತಿದ್ದರು. ಕೆಳಗಿದ್ದ ಜನ ಜಪಮಾಲೆ ಹಿಡಿದು ಕೂರುತ್ತಿದ್ದರು. 10ನೇ ಭಕ್ತಿನಾಥ ಜಗದ್ಗುರುಗಳು 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾರ ಹಬ್ಬದ ದಿನ, ಚರ್ಚಿನ ಸಂಗೀತದ ಬಗ್ಗೆ ಆಜ್ಞೆ ಹೊರಡಿಸಿದರು. ನಾಟಕಶಾಲೆಯ ಶೈಲಿ ಚರ್ಚಿಗೆ ಬರಬಾರದು, ಜನರೂ ಹಾಡಬೇಕು ಎಂದರು. ಅದೇ ಆಜ್ಞೆಯಲ್ಲಿ ಸ್ತ್ರೀಯರಿಗೆ ಗಾಯನ ಮಂಡಳಿಯಲ್ಲಿ ಸ್ಥಾನವಿರಲಿಲ್ಲ. ಇವತ್ತು ನಮ್ಮ ಕೊಯರಿನಲ್ಲಿ ಮುಕ್ಕಾಲು ಪಾಲು ಅಮ್ಮಂದಿರು, ಅಕ್ಕಂದಿರು. ಅವರು ಬಾರದಿದ್ದರೆ ಆ ದಿನ ಹಾಡೇ ಇಲ್ಲ. ಎಷ್ಟು ಬದಲಾವಣೆ ನೋಡಿ!

2. ಧರ್ಮಸಭೆ ಏನು ಹೇಳುತ್ತದೆ?

ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ದೈವಾರಾಧನೆಯ ಬಗ್ಗೆ ಹೊರಡಿಸಿದ ಶಾಸನದ ಆರನೇ ಅಧ್ಯಾಯ ಪೂರ್ತಿ ಸಂಗೀತದ್ದೇ. ಅದನ್ನು ಜಾರಿಗೆ ತರುವ ಸೂಚನೆ 1967ರ ಮಾರ್ಚ್ 5ರಂದು ಬಂತು. ಇವುಗಳ ಸಾರವನ್ನು ನಾಲ್ಕು ಮಾತಿನಲ್ಲಿ ಹೇಳಬಹುದು.

ಒಂದು, ಹಾಡು ಪೂಜೆಯ ಅಲಂಕಾರವಲ್ಲ, ಪೂಜೆಯ ಭಾಗ. ಎರಡು, ಇಡೀ ಸಭೆ ಒಟ್ಟಾಗಿ ಹಾಡಿ ವಿಶ್ವಾಸ ತೋರಿಸುವುದಕ್ಕಿಂತ ದೊಡ್ಡ ಸಂಭ್ರಮ ಪೂಜೆಯಲ್ಲಿ ಬೇರೆ ಇಲ್ಲ. ಆದ್ದರಿಂದ ಜನರನ್ನು ಪೂರ್ತಿ ಬಿಟ್ಟು ಎಲ್ಲ ಹಾಡನ್ನೂ ಕೊಯರಿಗೇ ವಹಿಸುವುದಕ್ಕೆ ಒಪ್ಪಿಗೆ ಇಲ್ಲ. ಮೂರು, ದೊಡ್ಡ ಗಾಯನ ಮಂಡಳಿ ಮಾಡಲು ಆಗದ ಚಿಕ್ಕ ಊರಿನಲ್ಲಿ ಕನಿಷ್ಠ ಒಬ್ಬಿಬ್ಬರು ಸರಿಯಾಗಿ ತರಬೇತಿ ಪಡೆದ ಗಾಯಕರಾದರೂ ಇರಬೇಕು. ನಾಲ್ಕು, ಕೊಯರಿನವರೂ ಸಭೆಯ ಭಾಗ. ಅವರು ಕೂರುವ ಜಾಗವೂ ಅದನ್ನು ತೋರಿಸಬೇಕು.

ಮೂರನೇ ಮಾತು ನಮ್ಮಂತಹ ಊರಿಗಾಗಿಯೇ ಬರೆದ ಹಾಗಿದೆ. ಮೂವತ್ತು ಜನರ ಕೊಯರ್ ಇಲ್ಲ ಅಂತ ಬೇಜಾರು ಬೇಡ. ಒಬ್ಬರು ತಿಳಿದವರು ಇದ್ದರೆ ಸಾಕು, ಕೆಲಸ ಶುರುವಾಗುತ್ತದೆ.

3. ಭಾಗವತರಿಂದ ಕಲಿಯುವುದು

ನಮ್ಮ ಕಡೆ ಯಕ್ಷಗಾನ ನೋಡದವರು ಯಾರಿದ್ದಾರೆ? ಆಟದಲ್ಲಿ ಭಾಗವತರೇ ಮೊದಲನೇ ವೇಷ ಎಂಬ ಮಾತಿದೆ. ಅವರು ಬಣ್ಣ ಹಚ್ಚುವುದಿಲ್ಲ, ಕುಣಿಯುವುದಿಲ್ಲ. ಆದರೂ ಯಾವ ಪದ್ಯ ಎಷ್ಟು ಹೊತ್ತು, ಯಾವಾಗ ಚಂಡೆ ಏರಬೇಕು, ಯಾವಾಗ ನಿಲ್ಲಿಸಿ ಮಾತಿಗೆ ಬಿಡಬೇಕು ಎಲ್ಲ ಅವರ ಕೈಯಲ್ಲಿದೆ. ಪ್ರಸಂಗವನ್ನು ಚೆನ್ನಾಗಿ ತಿಳಿದವರಿಗೆ ಮಾತ್ರ ಅದು ಸಾಧ್ಯ.

ಸಂಗೀತ ನಿರ್ದೇಶಕರೂ ಹಾಗೆಯೇ ಪೂಜೆಯ ‘ಪ್ರಸಂಗ’ ತಿಳಿದಿರಬೇಕು. ಧರ್ಮಗುರುಗಳು ಬಲಿಪೀಠಕ್ಕೆ ತಲುಪಿದ ಮೇಲೂ ಪ್ರವೇಶ ಗೀತೆಯ ಐದನೇ ಚರಣ ಹಾಡುತ್ತಿದ್ದರೆ ಅದು ಯಾತ್ರೆಗೆ ಹಾಡಿದ್ದಲ್ಲ, ನಮ್ಮ ಸಂತೋಷಕ್ಕೆ ಹಾಡಿದ್ದು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಆಟದಲ್ಲಿ ಜನ ಕೇಳುವವರು. ಚರ್ಚಿನಲ್ಲಿ ಜನರೇ ಹಾಡುವವರು. ಇಲ್ಲಿನ ಭಾಗವತರ ಯಶಸ್ಸನ್ನು ಕೊನೆಯ ಬೆಂಚಿನ ಅಜ್ಜಿ ಬಾಯಿ ತೆರೆದರಾ ಎಂಬುದರಿಂದ ಅಳೆಯಬೇಕು.

4. ದಿನನಿತ್ಯದ ಕೆಲಸಗಳು

ಹಾಡಿನ ಆಯ್ಕೆ: ಮೊದಲು ಆ ಭಾನುವಾರದ ವಾಚನಗಳನ್ನು ಓದಬೇಕು, ಆಮೇಲೆ ಪುಸ್ತಕ ತೆರೆಯಬೇಕು. ಶಬ್ದಗಳು ಪವಿತ್ರ ಗ್ರಂಥ ಮತ್ತು ಆರಾಧನಾ ವಿಧಿಗೆ ಹತ್ತಿರ ಇರಬೇಕು. ಸಿನಿಮಾ ಹಾಡಿನ ಧಾಟಿಗೆ ಭಕ್ತಿಯ ಶಬ್ದ ಹೊಲಿಯುವುದು ಬೇಡ, ಜನರ ನೆನಪು ಥಿಯೇಟರಿಗೇ ಹೋಗುತ್ತದೆ. ಮದುವೆಯಲ್ಲಿ "ನಮಗೆ ಇದೇ ಹಾಡು ಬೇಕು" ಅಂತ ಮನೆಯವರು ಹಠ ಮಾಡುವುದುಂಟು. ಅಂಥದ್ದನ್ನು ಹಾಲಿನ ಕಾರ್ಯಕ್ರಮಕ್ಕೆ ಇಡಿ ಅಂತ ಪ್ರೀತಿಯಿಂದ ಹೇಳುವ ಧೈರ್ಯ ನಿರ್ದೇಶಕರಿಗೆ ಇರಬೇಕು, ಧರ್ಮಗುರುಗಳ ಬೆಂಬಲವೂ ಬೇಕು.

ಕೀರ್ತನೆ: ಮೊದಲ ವಾಚನದ ನಂತರದ ಕೀರ್ತನೆ ದೇವರ ವಾಕ್ಯ. ಅದರ ಬದಲಿಗೆ ಬೇರೆ ಹಾಡು ಹಾಕುವಂತಿಲ್ಲ. ಚರಣವನ್ನು ಒಬ್ಬರು ಹಾಡಲಿ, ಪಲ್ಲವಿ ಜನರದ್ದು.

ಕಾಲದ ಅರಿವು: ತಪಸ್ಸು ಕಾಲದಲ್ಲಿ ಅಲ್ಲೆಲೂಯಾ ಇಲ್ಲ. ಮಹಿಮಾ ಗೀತೆಯೂ ಹಬ್ಬದ ದಿನಗಳಿಗೆ ಮಾತ್ರ. ವಾದ್ಯಗಳು ಹಾಡಿಗೆ ಆಸರೆಯಾಗಿ ಮಾತ್ರ ಇರಬೇಕು. ನಾಲ್ಕನೇ ಭಾನುವಾರ ಮತ್ತು ಮಹೋತ್ಸವಗಳಿಗೆ ಇದರಿಂದ ವಿನಾಯಿತಿ ಇದೆ. ಪವಿತ್ರ ಗುರುವಾರದ ಮಹಿಮಾ ಗೀತೆಗೆ ಗಂಟೆ ಬಾರಿಸಿದ ಮೇಲೆ, ಪಾಸ್ಖ ಜಾಗರಣೆಯ ಮಹಿಮಾ ಗೀತೆಯವರೆಗೆ ಗಂಟೆಗಳಿಗೆ ಮೌನ. ಈ ಉಪವಾಸವನ್ನು ಕಿವಿಗೂ ಕೊಟ್ಟರೆ ಪಾಸ್ಖದ ಸಂತೋಷ ತಾನಾಗಿ ಬರುತ್ತದೆ.

ಶ್ರುತಿ: ಹಾಡು ಗಾಯಕಿಗೆ ಚಂದ, ಜನರಿಗೆ ಎತ್ತರ. ಇದೇ ಹೆಚ್ಚಿನ ಕಡೆ ತೊಂದರೆ. ಕೀಬೋರ್ಡಿನಲ್ಲಿ ಒಂದೆರಡು ಮನೆ ಇಳಿಸಿದರೆ ಗಂಡಸರೂ ಮಕ್ಕಳೂ ಸೇರುತ್ತಾರೆ. ಮೈಕಿನ ಶಬ್ದವನ್ನೂ ತಗ್ಗಿಸಬೇಕು. ತನ್ನ ಪಕ್ಕದವರ ದನಿ ಕೇಳಿಸದಿದ್ದರೆ ಯಾರೂ ಹಾಡುವುದಿಲ್ಲ.

ಹೊಸ ಹಾಡು: ತಿಂಗಳಿಗೆ ಒಂದಕ್ಕಿಂತ ಹೆಚ್ಚು ಬೇಡ. ಪೂಜೆಗೆ ಐದು ನಿಮಿಷ ಮೊದಲು ಜನರಿಗೆ ಕಲಿಸಿ, ನಾಲ್ಕು ವಾರ ಅದನ್ನೇ ಹಾಡಿ. ಹಳೆ ಹಾಡುಗಳನ್ನು ಬಿಡಬೇಡಿ. ಅಕ್ಷರ ಬಾರದ ಅಜ್ಜಿಗೆ ಅದೇ ಪ್ರಾರ್ಥನಾ ಪುಸ್ತಕ. ಆ ಹಾಡು ನಿಂತ ದಿನ ಆಕೆಯ ಪುಸ್ತಕವನ್ನು ನಾವು ಮುಚ್ಚಿದಂತೆ.

5. ಸಾವಿನ ಮನೆಯ ಹಾಡು

ಯಾರಾದರೂ ತೀರಿಕೊಂಡರೆ ಅಂತ್ಯಕ್ರಿಯೆ ಹೆಚ್ಚಾಗಿ ವಾರದ ದಿನ ಬರುತ್ತದೆ. ಕೊಯರಿನವರು ಕೆಲಸಕ್ಕೆ, ಕಾಲೇಜಿಗೆ ಹೋಗಿರುತ್ತಾರೆ. ಬಡವರ ಮನೆಯ ಪೂಜೆಗೆ ಹಾಡುವವರೇ ಇರುವುದಿಲ್ಲ, ಸಿರಿವಂತರ ಮನೆಗೆ ಹೊರಗಿನಿಂದ ತಂಡ ಬರುತ್ತದೆ. ಈ ತಾರತಮ್ಯ ಧರ್ಮಕೇಂದ್ರಕ್ಕೆ ಶೋಭೆಯಲ್ಲ. ವಾರದ ದಿನ ಮನೆಯಲ್ಲಿರುವ ಐದಾರು ಜನರಿಗೆ, ನಿವೃತ್ತರು, ಗೃಹಿಣಿಯರು, ಬೀಡಿ ಕಟ್ಟುವ ಅಕ್ಕಂದಿರಿಗೆ ನಾಲ್ಕೈದು ಹಾಡು ವಾದ್ಯವಿಲ್ಲದೆ ಕಲಿಸಿಟ್ಟರೆ ಯಾರ ಮನೆಗೂ ಹಾಡು ತಪ್ಪುವುದಿಲ್ಲ. ಅಂಥ ದಿನ ಹಿಂದೂ, ಮುಸ್ಲಿಂ ನೆರೆಕರೆಯವರೂ ಬಂದು ಕುಳಿತಿರುತ್ತಾರೆ. ಒಂದೆರಡು ಕನ್ನಡದ ಹಾಡಿದ್ದರೆ ಅವರ ಮನಸ್ಸಿಗೂ ಮುಟ್ಟುತ್ತದೆ.

6. ನಮ್ಮ ಹೊಣೆ

ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟಬಾರದು. ನಿರ್ದೇಶಕರು ಹೆಚ್ಚಾಗಿ ಬೇರೆ ಕೆಲಸ ಮಾಡಿ ಬದುಕುವವರು. ಅಭ್ಯಾಸಕ್ಕೆ ಬರುವ ಪೆಟ್ರೋಲ್ ಖರ್ಚು, ಪುಸ್ತಕ, ವಾದ್ಯದ ರಿಪೇರಿ ಇವುಗಳಿಗೆ ಪಾಲನಾ ಮಂಡಳಿ ಬಜೆಟಿನಲ್ಲಿ ಹಣ ಇಡಬೇಕು. ಸಾಧ್ಯವಾದಲ್ಲಿ ಗೌರವಧನ ಕೊಡಬೇಕು. "ದೇವರ ಕೆಲಸ ಅಲ್ದಾ" ಅಂತ ದುಡಿಸುವುದು ನ್ಯಾಯವಲ್ಲ.

ನಿರ್ದೇಶಕರ ಕಡೆಯಿಂದಲೂ ಒಂದು ಹೊಣೆ ಇದೆ. ತನ್ನ ನಂತರದವರನ್ನು ತಯಾರು ಮಾಡುವುದು. ಧರ್ಮೋಪದೇಶ ತರಗತಿಯ ಮಕ್ಕಳಲ್ಲಿ ನಾಲ್ವರಿಗೆ ಕೀಬೋರ್ಡ್ ಕಲಿಸಿದರೆ, ಮೂವರು ಊರು ಬಿಟ್ಟರೂ ಒಬ್ಬರು ಉಳಿಯುತ್ತಾರೆ. ಹೋದ ಮೂವರು ಎಲ್ಲಿದ್ದರೂ ಅಲ್ಲಿನ ಚರ್ಚಿನಲ್ಲಿ ನುಡಿಸುತ್ತಾರೆ. ಅದೂ ನಮ್ಮ ಊರಿನ ಸೇವೆಯೇ.

ಚರ್ಚೆಗೆ ಪ್ರಶ್ನೆಗಳು

(ವಾಳೆಯ ಕೂಟ ಅಥವಾ ಸಂಘದ ಸಭೆಯಲ್ಲಿ ಮಾತಾಡಿ)

1. ಕಳೆದ ಭಾನುವಾರದ ಹಾಡುಗಳಲ್ಲಿ ಎಷ್ಟನ್ನು ನೀವು ಬಾಯಿಬಿಟ್ಟು ಹಾಡಿದಿರಿ? ಹಾಡದಿದ್ದರೆ ಕಾರಣ ಏನು: ಶ್ರುತಿಯಾ, ಹೊಸ ಧಾಟಿಯಾ, ಸಂಕೋಚವಾ?
2. ನಿಮ್ಮ ವಾಳೆಯಲ್ಲಿ ವಾರದ ದಿನ ಅಂತ್ಯಕ್ರಿಯೆಗೆ ಹಾಡಲು ಬರಬಲ್ಲವರು ಯಾರು? ಹೆಸರು ಬರೆದು ಕೊಯರ್ ಮಾಸ್ಟರಿಗೆ ಕೊಡಿ.
3. ನಿಮ್ಮ ಮನೆಯ ಹಿರಿಯರಿಗೆ ಬಾಯಿಪಾಠ ಇರುವ ಹಳೆ ಹಾಡುಗಳು ಯಾವುವು? ಮಕ್ಕಳಿಂದ ಒಂದು ಪುಸ್ತಕದಲ್ಲಿ ಬರೆಸಿ, ಧಾಟಿಯನ್ನು ಮೊಬೈಲಿನಲ್ಲಿ ಹಿಡಿದಿಡಿ.

ಮೂರನೇ ಪ್ರಶ್ನೆಯನ್ನು ಮುಂದೂಡಬೇಡಿ. ಹಾಡು ತಿಳಿದವರು ಇರುವಾಗಲೇ ಬರೆದುಕೊಳ್ಳಬೇಕು.