ಉಷ್ಣದೇಶಕ್ಕೆ ನೆಲೆಸಲು ಹೊರಟವರ ಪೆಟ್ಟಿಗೆಯಲ್ಲಿ ಏನಿರಬೇಕು?

ನಮ್ಮ ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಸಮೀಪದಲ್ಲಿ ಸರ್ ರೊನಾಲ್ಡ್ ರಾಸ್ ಅವರ ಹೆಸರು ಹೊತ್ತ ಕಟ್ಟಡವೊಂದಿದೆ. 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಸೇನಾ ವೈದ್ಯರಾಗಿದ್ದ ರಾಸ್ ಅವರು, ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯ ರಕ್ತವನ್ನು ಹೀರಿದ್ದ ಸೊಳ್ಳೆಯನ್ನು ಸೀಳಿ, ಅದರ ಜಠರದ ಗೋಡೆಯಲ್ಲಿ ರೋಗಾಣುವಿನ ಕಪ್ಪು ಕಣಗಳನ್ನು ಕಂಡರು. ಕೆಟ್ಟ ಗಾಳಿಯಿಂದ ಬರುವುದೆಂದು ಶತಮಾನಗಳ ಕಾಲ ನಂಬಲಾಗಿದ್ದ ಚಳಿಜ್ವರಕ್ಕೂ ಸೊಳ್ಳೆಗೂ ಇರುವ ನಂಟು ಹೀಗೆ ನಮ್ಮ ನೆರೆಯಲ್ಲಿಯೇ ಬಯಲಾಯಿತು. ಅದಕ್ಕೆ ಎರಡು ವರ್ಷ ಮೊದಲು ಅವರು ಕಾಲರಾ ನಿವಾರಣೆಯ ಕೆಲಸಕ್ಕಾಗಿ ಬೆಂಗಳೂರಿಗೂ ಬಂದಿದ್ದರೆಂಬುದು ಕನ್ನಡಿಗರಾದ ನಮಗೆ ಒಂದು ಕಿರು ಸಂತೋಷ.

2008ರ ಮಾರ್ಚ್‌ವರೆಗೆ ನಾಗರಿಕ ವಿಮಾನಗಳು ಈ ಬೇಗಂಪೇಟೆಯಿಂದಲೇ ಹಾರುತ್ತಿದ್ದವು. ಈಗ ಶಂಷಾಬಾದಿನಿಂದ ಹಾರುತ್ತವೆ. ನೈರೋಬಿ, ದಾರ್ ಎಸ್ ಸಲಾಮ್, ಕಂಪಾಲಾ, ಲಾಗೋಸ್ ಎಂದು ಉದ್ಯೋಗ ನಿಮಿತ್ತ ನೆಲೆಸಲು ಹೊರಡುವ ಬಂಧುಗಳು ನನ್ನಲ್ಲಿಗೆ ಬಂದು, "ಏನೇನು ಕೊಂಡೊಯ್ಯಬೇಕು?" ಎಂದು ಕೇಳುವುದುಂಟು. ಅವರ ಪಟ್ಟಿಯಲ್ಲಿ ಪ್ರೆಷರ್ ಕುಕ್ಕರ್, ಸಾರಿನ ಪುಡಿ, ಜೋಳದ ಹಿಟ್ಟು, ಗುರೆಳ್ಳು ಚಟ್ನಿಪುಡಿ ಎಲ್ಲವೂ ಇರುತ್ತವೆ. ಸೊಳ್ಳೆಪರದೆ ಇರುವುದಿಲ್ಲ. ಒಮ್ಮೆ ಹಿರಿಯರೊಬ್ಬರು ನಕ್ಕು, "ಡಾಕ್ಟರೇ, ನಾವು ರಾಯಚೂರಿನವರು, ನಮಗೆ ಉಷ್ಣದೇಶದ ಪಾಠವೇ?" ಎಂದರು. ಬಿಸಿಲಿನ ಮಟ್ಟಿಗೆ ಅವರ ಮಾತು ನಿಜ. ಆದರೆ ಬಿಸಿಲನ್ನು ಬಲ್ಲೆವೆಂಬ ಈ ಧೈರ್ಯವೇ ನಮ್ಮವರನ್ನು ಮೋಸಗೊಳಿಸುತ್ತದೆ.

ಮೊದಲನೆಯದಾಗಿ, ಹೋಗುವ ಊರಿನ ಎತ್ತರವನ್ನು ವಿಚಾರಿಸಿಕೊಳ್ಳಬೇಕು. ಭೂಮಧ್ಯರೇಖೆಗೆ ಅಂಟಿಕೊಂಡಂತಿರುವ ನೈರೋಬಿಯು ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಅಂದರೆ ಬೆಂಗಳೂರಿಗಿಂತ ಸುಮಾರು ಇಮ್ಮಡಿ. ಜೂನ್-ಜುಲೈ ತಿಂಗಳುಗಳಲ್ಲಿ ಅಲ್ಲಿ ಸ್ವೆಟರ್ ಬೇಕಾಗುತ್ತದೆ. ಆ ತಂಪಿನಿಂದಾಗಿ ಮಲೇರಿಯಾದ ಭಯವೂ ಅಲ್ಲಿ ಕಡಿಮೆ. ಅದೇ ಕೀನ್ಯಾ ದೇಶದ ಮೊಂಬಾಸಾ ಕರಾವಳಿಗೋ, ವಿಕ್ಟೋರಿಯಾ ಸರೋವರದ ದಂಡೆಯ ಕಿಸುಮು ಪಟ್ಟಣಕ್ಕೋ ವರ್ಗವಾದರೆ ಪರಿಸ್ಥಿತಿ ಸಂಪೂರ್ಣ ಬೇರೆ. ಆದುದರಿಂದ ದೇಶದ ಹೆಸರನ್ನು ಮಾತ್ರ ಕೇಳಿ ಸಲಹೆ ನೀಡುವವರನ್ನು ನಂಬಬಾರದು.

ಇನ್ನು ಸೊಳ್ಳೆಯ ವಿಷಯ. "ಸೊಳ್ಳೆ ಇಲ್ಲಿಯೂ ಇದೆಯಲ್ಲ" ಎನ್ನುವವರು ಗಮನಿಸಬೇಕಾದ ಅಂಶಗಳಿವೆ. ಜಗತ್ತಿನ ಮಲೇರಿಯಾ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಆಫ್ರಿಕಾ ಖಂಡದಲ್ಲಿಯೇ ಸಂಭವಿಸುತ್ತವೆ. ಅಲ್ಲಿನ ಪ್ರಮುಖ ವಾಹಕವಾದ ಅನಾಫಿಲಿಸ್ ಗ್ಯಾಂಬಿಯೇ ಸೊಳ್ಳೆಗೆ ದನಕರುಗಳಿಗಿಂತ ಮನುಷ್ಯನ ರಕ್ತದಲ್ಲಿಯೇ ಒಲವು. ಅದು ಹರಡುವುದು ಬಹುಪಾಲು ಫಾಲ್ಸಿಪಾರಮ್ ಎಂಬ ಜಾತಿಯ ರೋಗಾಣುವನ್ನು. ಇದು ಮೆದುಳಿಗೂ ಮೂತ್ರಪಿಂಡಕ್ಕೂ ಹಾನಿಯೊಡ್ಡಿ ಕೆಲವೇ ದಿನಗಳಲ್ಲಿ ಪ್ರಾಣಾಪಾಯ ತರಬಲ್ಲುದು. ಬಾಲ್ಯದಿಂದ ಪದೇ ಪದೇ ಈ ಜ್ವರವನ್ನು ಅನುಭವಿಸಿದ ಅಲ್ಲಿನ ವಯಸ್ಕರ ದೇಹದಲ್ಲಿ ತಕ್ಕಮಟ್ಟಿನ ತಡೆಶಕ್ತಿ ಬೆಳೆದಿರುತ್ತದೆ. ಹೈದರಾಬಾದಿನಿಂದ ಹೋದ ನಮಗೆ ಅದಿಲ್ಲ. ನಮ್ಮ ಹಿರಿಯರು ನೆಚ್ಚಿದ್ದ ಕ್ಲೋರೋಕ್ವಿನ್ ಮಾತ್ರೆಯೂ ಅಲ್ಲಿನ ಫಾಲ್ಸಿಪಾರಮ್‌ಗೆ ನಂಬತಕ್ಕ ಮದ್ದಲ್ಲ.

ಹದಿನೈದು ದಿನಗಳ ಪ್ರವಾಸಿಗೆ ವೈದ್ಯರು ಮುಂಜಾಗ್ರತೆಯ ಮಾತ್ರೆಗಳನ್ನು ಬರೆದುಕೊಡುತ್ತಾರೆ. ನೆಲೆಸಲು ಹೋಗುವವರು ಆಜೀವಪರ್ಯಂತ ಮಾತ್ರೆ ನುಂಗುತ್ತ ಇರಲಾರರು. ಮೊದಲ ತಿಂಗಳುಗಳಲ್ಲಿ ಯಾವ ಮಾತ್ರೆ, ಎಷ್ಟು ಕಾಲ ಎಂಬುದನ್ನು ವಯಸ್ಸು, ಗರ್ಭಾವಸ್ಥೆ, ಇತರ ಕಾಯಿಲೆಗಳನ್ನು ನೋಡಿ ವೈದ್ಯರೇ ನಿರ್ಧರಿಸಬೇಕು. ಅನಂತರ ಅವರನ್ನು ಕಾಯುವುದು ಕೀಟನಾಶಕ ಲೇಪಿತವಾದ ಸೊಳ್ಳೆಪರದೆ, ಕಿಟಕಿಯ ಜಾಲರಿ, ಸಂಜೆಯ ವೇಳೆ ತೋಳು-ಕಾಲು ಮುಚ್ಚುವ ಉಡುಪು ಮತ್ತು ಜ್ವರ ಬಂದ ದಿನವೇ ಮಾಡಿಸುವ ರಕ್ತಪರೀಕ್ಷೆ. ಅನಾಫಿಲಿಸ್ ಕಚ್ಚುವುದು ಮುಖ್ಯವಾಗಿ ಮುಸ್ಸಂಜೆಯಿಂದ ಮುಂಜಾವಿನವರೆಗೆ. ಮಂಚದ ಅಳತೆಗಿಂತ ದೊಡ್ಡದಾದ, ಅಂಚನ್ನು ಹಾಸಿಗೆಯ ಕೆಳಗೆ ಮಡಚಿ ಸಿಕ್ಕಿಸಲು ಬರುವಂತಹ ಪರದೆಯನ್ನು ಆರಿಸಬೇಕು. ಲೇಪಿತ ಪರದೆ ಸುಮಾರು ಮೂರು ವರ್ಷ ಬಾಳುತ್ತದೆ. ಡೆಂಗೆ ತರುವ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ಮೈಗೆ ಹಚ್ಚುವ ಮುಲಾಮೂ ಬೇಕು.

ಇಷ್ಟು ಒತ್ತಿ ಹೇಳಲು ನನ್ನ ಮನೆಯಲ್ಲೇ ನಡೆದ ಪ್ರಸಂಗವೊಂದು ಕಾರಣ. ನನ್ನ ತಮ್ಮನ ಸಂಸಾರ ದಾರ್ ಎಸ್ ಸಲಾಮ್‌ಗೆ ಹೋದಾಗ ಪೆಟ್ಟಿಗೆಗಳನ್ನು ಕಟ್ಟಿದವನು ನಾನೇ. ಪುಸ್ತಕ, ಪಾತ್ರೆ, ಉಪ್ಪಿನಕಾಯಿ ಎಲ್ಲವನ್ನೂ ತೂಕ ನೋಡಿ ಇಟ್ಟೆ. ಮರುವರ್ಷ ಬೇಸಿಗೆಗೆ ಅವರು ಬಂದಾಗ, ಬಂದ ಒಂಬತ್ತನೆಯ ದಿನ ಆರು ವರ್ಷದ ಮಗಳಿಗೆ ಜ್ವರ ಬಂತು. ಮಕ್ಕಳ ದಂಡಿನೊಡನೆ ಬಿಸಿಲಲ್ಲಿ ಆಡಿದ್ದಾಳೆ, ನೀರು ಬದಲಾಗಿದೆ ಎಂದು ನಾನೇ ಸಮಾಧಾನ ಹೇಳಿ ಪ್ಯಾರಾಸಿಟಮಾಲ್ ಕೊಟ್ಟೆ. ಎರಡು ದಿನ ಹೀಗೆಯೇ ಕಳೆಯಿತು. ಮೂರನೆಯ ದಿನ ಮಗು ಮಂಕಾಗಿ, ಕರೆದರೆ ಕಣ್ಣು ತೆರೆಯಲೂ ಸೋಮಾರಿತನ ತೋರತೊಡಗಿತು. ಆಗ ನನ್ನ ಮಡದಿ, "ಅಲ್ಲಿ ಪರದೆ ಕಟ್ಟುತ್ತಿದ್ದಿರೇನಮ್ಮ?" ಎಂದು ನಾದಿನಿಯನ್ನು ಕೇಳಿದಳು. "ಇಲ್ಲ ಅಕ್ಕ, ಫ್ಯಾನ್ ಇತ್ತು, ಕಾಯಿಲ್ ಹಚ್ಚುತ್ತಿದ್ದೆವು" ಎಂಬ ಉತ್ತರ ಕೇಳಿ ನನ್ನ ಎದೆ ಧಸಕ್ಕೆಂದಿತು. ರಕ್ತಲೇಪದಲ್ಲಿ ಫಾಲ್ಸಿಪಾರಮ್ ಕಾಣಿಸಿತು. ಆಸ್ಪತ್ರೆಗೆ ಸೇರಿಸಿ ಆರ್ಟಿಸುನೇಟ್ ಚುಚ್ಚುಮದ್ದು ಕೊಡಿಸಲಾಗಿ ಮಗು ಉಳಿಯಿತು. ರೊನಾಲ್ಡ್ ರಾಸರ ಕಟ್ಟಡದಿಂದ ಕೂಗಳತೆಯಲ್ಲಿ ವಾಸಿಸುವ ವೈದ್ಯನಾದ ನನಗೆ, ಆ ಮಗು ಎಲ್ಲಿಂದ ಬಂದಿದೆಯೆಂಬುದು ಎರಡು ದಿನ ಹೊಳೆಯಲಿಲ್ಲ. ಈ ಜ್ವರ ಸೊಳ್ಳೆ ಕಚ್ಚಿದ ಏಳು ದಿನಗಳಿಂದ ಒಂದು ತಿಂಗಳೊಳಗೆ ಸಾಮಾನ್ಯವಾಗಿ ತಲೆದೋರುತ್ತದೆ. ಕೆಲವೊಮ್ಮೆ ಇನ್ನೂ ತಡವಾಗಿ. ಊರಿಗೆ ರಜೆಯ ಮೇಲೆ ಬಂದವರು ಜ್ವರವೆಂದು ವೈದ್ಯರ ಬಳಿ ಹೋದರೆ ಮೊದಲ ಮಾತು, "ನಾನು ಇಂತಹ ದೇಶದಿಂದ ಬಂದೆ" ಎಂಬುದಾಗಿರಲಿ.

ಇನ್ನುಳಿದ ವಿಷಯಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕೀನ್ಯಾ, ಉಗಾಂಡಾ, ನೈಜೀರಿಯಾ ಮುಂತಾದ ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಳ್ಳಬೇಕು. ನಮ್ಮ ನಗರದಲ್ಲಿ ನಾರಾಯಣಗುಡದ ರೋಗನಿವಾರಕ ಔಷಧ ಸಂಸ್ಥೆಯಲ್ಲಿ ಇದರ ಏರ್ಪಾಡಿದೆ. 2016ರ ಜುಲೈನಿಂದ ಈ ಪ್ರಮಾಣಪತ್ರ ಜೀವಮಾನ ಪೂರ್ತಿ ಮಾನ್ಯ. ಹಿಂದೆ ಹತ್ತು ವರ್ಷಕ್ಕೆ ಮಾತ್ರ ಮಾನ್ಯವಾಗಿತ್ತು. ಆ ಹಳದಿ ಪುಸ್ತಕವಿಲ್ಲದೆ ಅಂತಹ ದೇಶಗಳಿಂದ ತಾಯ್ನಾಡಿಗೆ ಮರಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ತಾಯಿಯ ಸಾವಿನ ಸುದ್ದಿ ಕೇಳಿ ಧಾವಿಸಿ ಬಂದವರಿಗೆ ಆ ಆರು ದಿನ ಎಷ್ಟು ದೊಡ್ಡದೆಂಬುದನ್ನು ಊಹಿಸಬಹುದು. ಪುಸ್ತಕವನ್ನು ಪಾಸ್‌ಪೋರ್ಟಿನ ಜೊತೆಗೇ ಇಡಿ. ಒಂಬತ್ತು ತಿಂಗಳೊಳಗಿನ ಶಿಶುಗಳಿಗೆ ಈ ಲಸಿಕೆ ಸಲ್ಲದು. ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆ ಒಗ್ಗದವರು ವೈದ್ಯರೊಡನೆ ಚರ್ಚಿಸಿಯೇ ಮುಂದುವರಿಯಬೇಕು.

ರಕ್ತದೊತ್ತಡ, ಮಧುಮೇಹ ಉಳ್ಳವರು ಎರಡು-ಮೂರು ತಿಂಗಳಿಗಾಗುವಷ್ಟು ಔಷಧಿಯನ್ನು ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯ ಸಹಿತ ಒಯ್ಯಬೇಕು. ಚೀಟಿಯಲ್ಲಿ ಕಂಪೆನಿಯ ಹೆಸರಲ್ಲ, ಔಷಧಿಯ ಮೂಲನಾಮ ಇರಬೇಕು. ನಮ್ಮ ಅಂಗಡಿಯ ಹೆಸರು ಅಲ್ಲಿನ ಅಂಗಡಿಗೆ ತಿಳಿಯದು. ಇನ್ಸುಲಿನ್ ಅನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ, ವಿಮಾನದ ಸರಕುಕೋಣೆಯಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು. ವಿದ್ಯುತ್ತು ಕೈಕೊಟ್ಟಾಗ ಒದ್ದೆ ಮರಳಿನಲ್ಲಿಟ್ಟ ಮಣ್ಣಿನ ಮಡಕೆ ಒಣಹವೆಯಲ್ಲಿ ಚೆನ್ನಾಗಿ ತಂಪು ಕಾಯುತ್ತದೆ. ಕರಾವಳಿಯ ತೇವದ ಹವೆಯಲ್ಲಿ ಅದನ್ನು ನೆಚ್ಚಬೇಡಿ. ಹಲ್ಲಿನ ಕೆಲಸವನ್ನು ಇಲ್ಲಿಯೇ ಮುಗಿಸಿ, ಎರಡು ಜೊತೆ ಕನ್ನಡಕ ಮಾಡಿಸಿಕೊಳ್ಳಿ.

ಕೊನೆಯದಾಗಿ, ಒಯ್ಯಬಾರದ ವಸ್ತುಗಳು. ಕೋಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್‌ನಂತಹ ನೋವಿನ ಮಾತ್ರೆಗಳಿಗೆ ಹಲವು ದೇಶಗಳಲ್ಲಿ ಬಿಗಿಯಾದ ಕಾನೂನು ಇದೆ. ಹೊರಡುವ ಮುನ್ನ ಆ ದೇಶದ ರಾಯಭಾರ ಕಚೇರಿಯಲ್ಲಿ ವಿಚಾರಿಸಬೇಕು. ನಮ್ಮ ಹೆಂಗಸರು ಕೇಳಿ ಬೆರಗಾಗುವ ಸಂಗತಿಯೆಂದರೆ, ಸಿಂಗಪುರದಲ್ಲಿಯೂ ಸಂಯುಕ್ತ ಅರಬ್ ಸಂಸ್ಥಾನದಲ್ಲಿಯೂ ಗಸಗಸೆ ನಿಷಿದ್ಧ. ಅಫೀಮಿನ ಗಿಡದ್ದೇ ಬೀಜವಾದುದರಿಂದ ಅದನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸಿದ್ದಾರೆ. ಪಾಯಸದ ಆಸೆಯಿದ್ದವರು ಹೊರಡುವ ಹಿಂದಿನ ದಿನ ಇಲ್ಲಿಯೇ ಹೊಟ್ಟೆತುಂಬ ಕುಡಿದು, ಡಬ್ಬಿಯನ್ನು ಅತ್ತೆಯವರ ಮನೆಯಲ್ಲಿ ಬಿಟ್ಟು ಹೋಗಬೇಕು.