ಹಣ ಕೊಡುವವರು, ಬಳಸುವವರು: ಗ್ರಾಹಕ ಶಿಕ್ಷಣ ಪಾಠಕ್ಕೊಂದು ಪೂರ್ವಸಿದ್ಧತೆ

ಹತ್ತನೆಯ ತರಗತಿಯ ಸಮಾಜ ವಿಜ್ಞಾನದ ವ್ಯವಹಾರ ಅಧ್ಯಯನ ಭಾಗದಲ್ಲಿ ಗ್ರಾಹಕ ಶಿಕ್ಷಣದ ಪಾಠವಿದೆ. ಗ್ರಾಹಕ ಎಂದರೆ ಯಾರು, ಹಕ್ಕುಗಳು ಯಾವುವು, ದೂರು ಎಲ್ಲಿ ಕೊಡಬೇಕು ಎಂಬುದನ್ನು ಹೇಳಿದರೆ ಪಾಠ ಮುಗಿಯಿತು ಎಂದು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಭಾವಿಸುತ್ತಾರೆ. ಆದರೆ ಗಂಟು ಇರುವುದು ಮೊದಲ ಪದದಲ್ಲೇ. ವಸ್ತುವಿಗೆ ಹಣ ಕೊಡುವವರೇ ಅದನ್ನು ಬಳಸುತ್ತಾರೆ ಎಂದು ಊಹಿಸಿಕೊಂಡೇ ನಾವು ಪಾಠ ಶುರುಮಾಡುತ್ತೇವೆ. ಎಷ್ಟೋ ಸಂದರ್ಭಗಳಲ್ಲಿ ಇವರಿಬ್ಬರೂ ಬೇರೆ ಬೇರೆ.

ಕಂಪನಿಗಳಲ್ಲಿ ಒಂದು ಉತ್ಪನ್ನ ಯಾರಿಗಾಗಿ, ಹೇಗೆ ತಯಾರಾಗಬೇಕು ಎಂದು ನಿರ್ಧರಿಸುವ ಕೆಲಸಕ್ಕೆ ಉತ್ಪನ್ನ ನಿರ್ವಹಣೆ ಎನ್ನುತ್ತಾರೆ. ಆ ಕೆಲಸ ಕಲಿಯುವವರಿಗೆ ಆರಂಭದಲ್ಲೇ ಹೇಳಿಕೊಡುವ ಭೇದ ಇದು. ಹಣ ಕೊಡುವವರನ್ನು ಮಾತ್ರ ಕೇಳಿ ವಸ್ತು ತಯಾರಿಸಿದರೆ ಅದು ಮಾರಾಟವಾಗಬಹುದು. ಬಳಸುವವರಿಗೆ ಒದಗುತ್ತದೆ ಎಂಬ ಖಾತರಿಯಿಲ್ಲ. ಈ ವಿಚಾರವನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಶಾಲೆಗಳಲ್ಲಿ ಮಕ್ಕಳು ದಿನವೂ ಕಾಣುವ ಸಂಗತಿಗಳಿಂದಲೇ ಕಲಿಸಬಹುದು.

ಪದಗಳನ್ನು ಮೊದಲು ಬಿಡಿಸಿಕೊಳ್ಳಿ

ಅಂಗಡಿಯವರು ಗಿರಾಕಿ ಎನ್ನುತ್ತಾರೆ, ಅರ್ಥಶಾಸ್ತ್ರದ ಪುಸ್ತಕಗಳು ಅನುಭೋಗಿ ಎನ್ನುತ್ತವೆ, ಮೊಬೈಲಿನಲ್ಲಿ ಬಳಕೆದಾರ ಎಂದು ಬರುತ್ತದೆ, ಕಾಯ್ದೆಯ ಹೆಸರಿನಲ್ಲಿ ಗ್ರಾಹಕ ಎಂದಿದೆ. ನಾಲ್ಕನ್ನೂ ಒಂದೇ ಅರ್ಥದಲ್ಲಿ ಬಳಸಿದರೆ ಮಕ್ಕಳಿಗೆ ಗೊಂದಲವಾಗುವುದು ಸಹಜ. ಈ ಪಾಠದ ಮಟ್ಟಿಗೆ ಹೀಗೆ ನಿಗದಿ ಮಾಡಿಕೊಳ್ಳಿ: ಹಣ ಕೊಟ್ಟು ಕೊಳ್ಳುವವರು ಗಿರಾಕಿ; ಬಳಸುವವರು ಬಳಕೆದಾರರು; ಗ್ರಾಹಕ ಎಂಬ ಪದವನ್ನು ಕಾಯ್ದೆ ಹೇಳುವ ಅರ್ಥಕ್ಕೆ ಮೀಸಲಿಡಿ. ಮೂರನ್ನೂ ಕಪ್ಪುಹಲಗೆಯ ಒಂದು ಮೂಲೆಯಲ್ಲಿ ಬರೆದು ಪಾಠ ಮುಗಿಯುವವರೆಗೆ ಅಳಿಸದಿರಿ.

ಮೂರು ಉದಾಹರಣೆಗಳು

ಒಂದು, ಶಾಲೆಯ ಹಾಲು. ಕ್ಷೀರಭಾಗ್ಯ ಯೋಜನೆ 2013ರ ಆಗಸ್ಟ್ 1ರಂದು ಆರಂಭವಾಯಿತು. ಕರ್ನಾಟಕ ಹಾಲು ಮಹಾಮಂಡಳ ಹಾಲಿನ ಪುಡಿ ಒದಗಿಸುತ್ತದೆ, ಸರ್ಕಾರ ಹಣ ಕೊಡುತ್ತದೆ, ಅಡುಗೆಯವರು ಪುಡಿಯನ್ನು ಕಾಯಿಸಿ ತಲಾ 150 ಮಿಲಿಲೀಟರ್ ಹಾಲು ಹಂಚುತ್ತಾರೆ, ಮಕ್ಕಳು ಕುಡಿಯುತ್ತಾರೆ. ಇಲ್ಲಿ ಗಿರಾಕಿ ಸರ್ಕಾರ, ಬಳಕೆದಾರರು ಮಕ್ಕಳು. ಎಷ್ಟು ಪುಡಿ ಬಂತು ಎಂಬುದು ದಾಸ್ತಾನು ಪುಸ್ತಕದಲ್ಲಿ ಸಿಗುತ್ತದೆ. ಲೋಟದ ತಳದಲ್ಲಿ ಎಷ್ಟು ಹಾಲು ಉಳಿಯಿತು ಎಂದು ತಿಳಿಯಬೇಕಾದರೆ ಮಕ್ಕಳನ್ನೇ ನೋಡಬೇಕು. ಇದೇ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುವ ಏರ್ಪಾಟನ್ನೂ ಮಾಡಲಾಯಿತು. ಹಣ ಕೊಡುವವರು ಬಳಸುವವರ ಮಾತಿಗೂ ಜಾಗ ಬಿಟ್ಟಿದ್ದಕ್ಕೆ ಇದು ಒಳ್ಳೆಯ ನಿದರ್ಶನ.

ಎರಡು, ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂತು. ಶ್ರೀರಂಗಪಟ್ಟಣದಿಂದ ಮೈಸೂರಿಗೆ ಸಾಮಾನ್ಯ ಬಸ್ಸಿನಲ್ಲಿ ಹೋಗುವ ಒಬ್ಬ ಗಂಡಸು ತಾನೇ ಗಿರಾಕಿ, ತಾನೇ ಬಳಕೆದಾರ. ಪಕ್ಕದ ಸೀಟಿನ ಹೆಂಗಸು ಬಳಕೆದಾರರು ಮಾತ್ರ. ಅವರ ಪರವಾಗಿ ಹಣ ಕೊಡುವುದು ಸರ್ಕಾರ. ಹಣವಿಲ್ಲದ ಪ್ರಯಾಣಕ್ಕೆ ಟಿಕೆಟ್ ಏಕೆ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಉತ್ತರ ಮುಖ್ಯವಾದದ್ದು: ಎಷ್ಟು ಜನ ಬಳಸಿದರು ಎಂದು ಲೆಕ್ಕ ತೋರಿಸಿದರೆ ತಾನೇ ನಿಗಮ ಸರ್ಕಾರದಿಂದ ಹಣ ಕೇಳಬಹುದು? ಬಳಕೆದಾರರನ್ನೂ ಗಿರಾಕಿಯನ್ನೂ ಜೋಡಿಸುವ ಚೀಟಿ ಆ ಶೂನ್ಯ ಟಿಕೆಟ್. ಆದರೆ ಬಸ್ಸು ಹೊತ್ತಿಗೆ ಸರಿಯಾಗಿ ಬಂತೇ, ಕೂರಲು ಜಾಗ ಸಿಕ್ಕಿತೇ ಎಂಬುದು ಆ ಚೀಟಿಯಲ್ಲಿ ಇರುವುದಿಲ್ಲ.

ಮೂರು, ಬೆಲ್ಲ. ಪಾಂಡವಪುರದ ಕಡೆಯ ಮಕ್ಕಳಿಗೆ ಆಲೆಮನೆ ಹೊಸದಲ್ಲ. ಆಲೆಮನೆಯ ಗಿರಾಕಿ ಮಂಡ್ಯ ಮಾರುಕಟ್ಟೆಯ ವರ್ತಕ. ಬಳಕೆದಾರರು ಎಲ್ಲೋ ದೂರದ ಊರಿನ ಅಡುಗೆಮನೆಯವರು. ವರ್ತಕ ಅಚ್ಚಿನ ಬಣ್ಣ ನೋಡಿ ಬೆಲೆ ಕಟ್ಟುತ್ತಾನೆ. ಬಣ್ಣ ತಿಳಿಯಾದಷ್ಟೂ ಬೆಲೆ ಹೆಚ್ಚು ಸಿಗುವುದಾದರೆ ಪಾಕಕ್ಕೆ ಹೈಡ್ರೋಸ್ ಬೀಳುತ್ತದೆ. ಸುಣ್ಣ, ಬೆಂಡೆ ಗಿಡದ ಲೋಳೆ ಹಾಕಿ ಕಶ್ಮಲ ತೆಗೆದು ಮಾಡಿದ ಬೆಲ್ಲದ ಬಣ್ಣ ಸ್ವಲ್ಪ ಕಂದು. ತಿನ್ನುವವರ ಆರೋಗ್ಯಕ್ಕೆ ಅದು ಮೇಲು, ಆದರೆ ಬೆಲೆ ಕೂಗುವ ಜಾಗದಲ್ಲಿ ತಿನ್ನುವವರು ಇರುವುದಿಲ್ಲ. ರೈತ ಕೆಟ್ಟವನಲ್ಲ, ವರ್ತಕನೂ ಕೆಟ್ಟವನಲ್ಲ. ಬಳಸುವವರ ದನಿ ತಯಾರಿಸುವವರ ಕಿವಿಗೆ ತಲುಪುವ ದಾರಿ ಮುಚ್ಚಿದೆ, ಅಷ್ಟೆ. ಇತ್ತೀಚೆಗೆ ರಾಸಾಯನಿಕವಿಲ್ಲದ ಬೆಲ್ಲವನ್ನು ಕೇಳಿ ಕೊಳ್ಳುವವರು ಬಂದ ಮೇಲೆ ಕಂದು ಬೆಲ್ಲಕ್ಕೂ ಬೆಲೆ ಬಂದಿದೆ.

ಸಮಯವಿದ್ದರೆ ಯೂಟ್ಯೂಬನ್ನೂ ಸೇರಿಸಿ. ಜಾಹೀರಾತಿನ ಜೊತೆಗೆ ಬಿಟ್ಟಿಯಾಗಿ ವಿಡಿಯೊ ನೋಡುವ ನಾವು ಬಳಕೆದಾರರು, ಜಾಹೀರಾತು ಕೊಡುವ ಕಂಪನಿಗಳು ಗಿರಾಕಿಗಳು. ಬಿಟ್ಟಿ ಎಂದು ಕಂಡ ಕಡೆ "ಹಾಗಾದರೆ ಹಣ ಕೊಡುತ್ತಿರುವವರು ಯಾರು?" ಎಂದು ಕೇಳುವ ಅಭ್ಯಾಸ ಮಕ್ಕಳಿಗೆ ಬರಬೇಕು.

ಕಾಯ್ದೆ ಏನು ಹೇಳುತ್ತದೆ?

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ಅಂಗೀಕಾರವಾಗಿ 2020ರ ಜುಲೈ 20ರಿಂದ ಜಾರಿಗೆ ಬಂತು. ಹಣ ಕೊಟ್ಟು ವಸ್ತು ಕೊಂಡವರ ಜೊತೆಗೆ, ಅವರ ಒಪ್ಪಿಗೆಯಿಂದ ಅದನ್ನು ಬಳಸುವವರನ್ನೂ ಅದು ಗ್ರಾಹಕರೆಂದೇ ಎಣಿಸುತ್ತದೆ. ಅಪ್ಪ ಕೊಡಿಸಿದ ಸೈಕಲ್ಲು ಕೆಟ್ಟದ್ದಾಗಿದ್ದರೆ ಮಗಳೂ ಗ್ರಾಹಕಿಯೇ. ಮರುಮಾರಾಟಕ್ಕೆಂದು ಕೊಳ್ಳುವವರನ್ನು ಕಾಯ್ದೆ ಹೊರಗಿಡುತ್ತದೆ. ಅಂದರೆ ಬೆಲ್ಲದ ವರ್ತಕ ಆಲೆಮನೆಗೆ ಗಿರಾಕಿ ಹೌದು, ಕಾಯ್ದೆಯ ಅರ್ಥದಲ್ಲಿ ಗ್ರಾಹಕನಲ್ಲ.

1998ರ ಒಂದು ತೀರ್ಪನ್ನೂ ಹೇಳಬಹುದು. ಆಸ್ಪತ್ರೆಯಲ್ಲಿ ತಪ್ಪಾಗಿ ಕೊಟ್ಟ ಚುಚ್ಚುಮದ್ದಿನಿಂದ ಮಗುವಿನ ಮಿದುಳಿಗೆ ಹಾನಿಯಾಗಿತ್ತು. ಹಣ ಕೊಟ್ಟ ತಂದೆತಾಯಿಯರೂ ಚಿಕಿತ್ಸೆ ಪಡೆದ ಮಗುವೂ ಇಬ್ಬರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮಗುವಿಗೆ 12.5 ಲಕ್ಷ, ತಂದೆತಾಯಿಯರಿಗೆ ಬೇರೆಯಾಗಿ 5 ಲಕ್ಷ ರೂಪಾಯಿ ಪರಿಹಾರವನ್ನು ಅದು ಎತ್ತಿಹಿಡಿಯಿತು.

ಒಂದು ಎಚ್ಚರಿಕೆ: ಉಚಿತವಾಗಿ ಕೊಡುವ ಸೇವೆ ಈ ಕಾಯ್ದೆಯ 'ಸೇವೆ' ಎಂಬ ಅರ್ಥದೊಳಗೆ ಬರುವುದಿಲ್ಲ. ಹಾಲು, ಬಸ್ಸಿನ ಉದಾಹರಣೆಗಳನ್ನು ಗಿರಾಕಿ–ಬಳಕೆದಾರ ಭೇದ ತಿಳಿಸಲಷ್ಟೇ ಬಳಸಿ. ಅವನ್ನು ಗ್ರಾಹಕ ಆಯೋಗದ ದೂರಿನ ಪ್ರಶ್ನೆಯಾಗಿ ಮಾಡಬೇಡಿ.

40 ನಿಮಿಷದ ಹಂಚಿಕೆ

ಮೊದಲ 5 ನಿಮಿಷ: "ಇವತ್ತು ನೀವು ಕುಡಿದ ಹಾಲಿಗೆ ದುಡ್ಡು ಕೊಟ್ಟವರು ಯಾರು?" ಎಂಬ ಒಂದೇ ಪ್ರಶ್ನೆ. "ಯಾರೂ ಇಲ್ಲ ಮಿಸ್, ಫ್ರೀ" ಎಂಬ ಉತ್ತರ ಬರುತ್ತದೆ. ತಕ್ಷಣ ತಿದ್ದಬೇಡಿ, ಹಲಗೆಯ ಮೇಲೆ ಬರೆಯಿರಿ.

ಮುಂದಿನ 15 ನಿಮಿಷ: ಗುಂಪಿಗೆ ಐದು ಮಕ್ಕಳಂತೆ ಕೂರಿಸಿ ಪಟ್ಟಿ ಮಾಡಿಸಿ. ನಾಲ್ಕು ಕಲಂ: ವಸ್ತು ಅಥವಾ ಸೇವೆ, ಹಣ ಕೊಡುವವರು, ಆಯ್ಕೆ ಮಾಡುವವರು, ಬಳಸುವವರು. ಹಾಲು, ಬಸ್ಸು, ಬೆಲ್ಲದ ಜೊತೆಗೆ ಸಮವಸ್ತ್ರ, ಪಠ್ಯಪುಸ್ತಕ, ಮನೆಯ ಮಿಕ್ಸಿ, ಹಸುವಿನ ಹಿಂಡಿ ಸೇರಿಸಿ. ಹಿಂಡಿಯನ್ನು ಬಳಸುವುದು ಹಸು ಎಂದು ಯಾರಾದರೂ ಹೇಳಿದರೆ ನಗದೆ ಒಪ್ಪಿಕೊಳ್ಳಿ. ಮಾತನಾಡಲಾಗದ ಬಳಕೆದಾರರ ಪರವಾಗಿ ಯಾರು ಗಮನಿಸಬೇಕು ಎಂಬ ಚರ್ಚೆ ಅಲ್ಲಿಂದಲೇ ಹುಟ್ಟುತ್ತದೆ.

ಆಮೇಲಿನ 12 ನಿಮಿಷ: ಕಾಯ್ದೆಯ ಅರ್ಥ, ತೀರ್ಪು. ಹಲಗೆಯ ಮೇಲಿನ "ಫ್ರೀ" ಎಂಬ ಉತ್ತರವನ್ನು ಈಗ ಮಕ್ಕಳಿಂದಲೇ ತಿದ್ದಿಸಿ.

ಕೊನೆಯ 8 ನಿಮಿಷ: ಪ್ರತಿ ಮಗುವೂ ಒಂದು ಚೀಟಿಯಲ್ಲಿ ಎರಡು ವಾಕ್ಯ ಬರೆಯಲಿ. "ನಾನು ಬಳಸುವ, ಆದರೆ ನಾನು ಹಣ ಕೊಡದ ಒಂದು ವಸ್ತು ಯಾವುದು? ಅದು ಸರಿಯಿಲ್ಲದಿದ್ದರೆ ನನ್ನ ಮಾತು ಯಾರ ಕಿವಿಗೆ ಬೀಳಬೇಕು?" ಮೌಲ್ಯಮಾಪನಕ್ಕೆ ಇದು ಸಾಕು. ವ್ಯಾಖ್ಯೆಯನ್ನು ಕಂಠಪಾಠ ಒಪ್ಪಿಸುವ ಮಗುವೂ ಎರಡನೆಯ ಪ್ರಶ್ನೆಗೆ ಯೋಚಿಸಲೇಬೇಕು.

ಮಕ್ಕಳು "ದುಡ್ಡು ಕೊಟ್ಟವರದ್ದೇ ಮಾತು" ಎಂಬ ತೀರ್ಮಾನಕ್ಕೆ ಬರಬಹುದು. ಆಗ ಆಸ್ಪತ್ರೆಯ ಮಗುವಿನ ತೀರ್ಪನ್ನು ನೆನಪಿಸಿ. ಇನ್ನು ಕೆಲವರು ಗಿರಾಕಿಯನ್ನೇ ಖಳನಾಗಿಸಬಹುದು. ಸರ್ಕಾರ ಹಣ ಕೊಡದಿದ್ದರೆ ಹಾಲೇ ಇರುತ್ತಿರಲಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿ.

ನಮ್ಮ ಅಭ್ಯಾಸ ಪಾಠಕ್ಕೂ ಇದು ಅನ್ವಯಿಸುತ್ತದೆ

ಬೋಧನಾಭ್ಯಾಸದಲ್ಲಿ ಅಂಕ ಕೊಡುವವರು ಹಿಂದಿನ ಬೆಂಚಿನಲ್ಲಿ ಅವಲೋಕನ ಪತ್ರ ಹಿಡಿದು ಕುಳಿತಿರುತ್ತಾರೆ. ಪಾಠವನ್ನು ಬಳಸುವವರು ಮುಂದಿನ ಬೆಂಚುಗಳಲ್ಲಿರುವ ಮಕ್ಕಳು. ಪ್ರಶಿಕ್ಷಣಾರ್ಥಿಯ ಭವಿಷ್ಯ ಮೊದಲನೆಯವರ ಕೈಯಲ್ಲಿದೆ, ಪಾಠದ ಸಾರ್ಥಕತೆ ಎರಡನೆಯವರಲ್ಲಿದೆ. ಹೀಗಾಗಿ ಥರ್ಮಾಕೋಲಿನ ಮಾದರಿ ಅಂದವಾಗಿರುತ್ತದೆ, ಚಾರ್ಟಿನ ಅಕ್ಷರ ಮಾತ್ರ ನಾಲ್ಕನೆಯ ಸಾಲಿನ ಮಗುವಿಗೆ ಕಾಣುವುದಿಲ್ಲ. ಪಾಠಯೋಜನೆಯ ಎಲ್ಲ ಹಂತಗಳೂ ಗಡಿಯಾರಕ್ಕೆ ಸರಿಯಾಗಿ ಮುಗಿಯುತ್ತವೆ, ಮಗುವಿನ ಪ್ರಶ್ನೆಗೆ ಸಮಯ ಉಳಿಯುವುದಿಲ್ಲ. ಇದನ್ನು ಪ್ರಶಿಕ್ಷಣಾರ್ಥಿಯ ದೋಷ ಎನ್ನಲಾಗದು. ಬಣ್ಣ ನೋಡಿ ಬೆಲೆ ಕಟ್ಟುವ ಮಾರುಕಟ್ಟೆಯಲ್ಲಿ ಬೆಲ್ಲಕ್ಕೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತಿದೆ.

ಪರಿಹಾರ ಕಷ್ಟದ್ದಲ್ಲ. ಅವಲೋಕನ ಪತ್ರದ ಜೊತೆಗೆ ಆ ತರಗತಿಯ ಮಕ್ಕಳು ಬರೆದ ಚೀಟಿಗಳಲ್ಲಿ ಯಾವುದಾದರೂ ಐದನ್ನು ಎತ್ತಿ ಲಗತ್ತಿಸಬಹುದು. ಪಾಠದ ನಂತರದ ಚರ್ಚೆಯನ್ನು ಬೋಧಕರು ಆ ಚೀಟಿಗಳಿಂದಲೇ ಆರಂಭಿಸಬಹುದು. ಆಗ ಅಂಕ ಕೊಡುವವರೂ ಪಾಠ ಕೇಳಿದವರೂ ಒಂದೇ ಹಾಳೆಯ ಮೇಲೆ ಭೇಟಿಯಾಗುತ್ತಾರೆ, ಪ್ರಶಿಕ್ಷಣಾರ್ಥಿಯು ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕಾದ ಇಕ್ಕಟ್ಟೂ ತಪ್ಪುತ್ತದೆ.