ಜಾಲತಾಣಕ್ಕೆ ಮುನ್ನ: ಶಾಸನಗಳು ಕಲಿಸುವ ಪಾಠ

ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥ ಕ್ಷೇತ್ರದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವಿದೆ. ನಮ್ಮ ಸೀಮೆಯ ಪ್ರಾಚೀನ ದೇವಾಲಯಗಳ ಶಾಸನಗಳನ್ನು ಓದುವವರು ಒಂದು ಸಂಗತಿಯನ್ನು ಗಮನಿಸಿರಬಹುದು. ಎಷ್ಟೋ ಶಾಸನಗಳ ಕೊನೆಯಲ್ಲಿ ಪಾಠವನ್ನು ರಚಿಸಿದ ಕವಿಯ ಹೆಸರು ಬೇರೆ, ಕಲ್ಲಿನಲ್ಲಿ ಕಂಡರಿಸಿದ ರೂವಾರಿಯ ಹೆಸರು ಬೇರೆ. ರೂವಾರಿಯು ಎಂಥ ಕುಶಲನೇ ಆಗಿರಲಿ, ದಾನ ಯಾವುದು, ದಾನಿ ಯಾರು, ಭೂಮಿಯ ಮೇರೆ ಎಲ್ಲಿಯದು ಎಂಬುದನ್ನು ಊಹಿಸಿ ಕೆತ್ತಲಾರ.

ಇಂದು ವಿದ್ಯಾಸಂಸ್ಥೆಯೊಂದು ಜಾಲತಾಣವನ್ನು ಮಾಡಿಸಹೊರಟಾಗ ವಿನ್ಯಾಸಕನೇ ರೂವಾರಿ; ಪಾಠವನ್ನು ಅಣಿಗೊಳಿಸುವ ಹೊಣೆ ಸಂಸ್ಥೆಯದು. ಆ ಸಿದ್ಧತೆಯ ಅಂಗಗಳನ್ನು ಇಲ್ಲಿ ಕ್ರಮವಾಗಿ ವಿವೇಚಿಸೋಣ.

ಮೊದಲನೆಯದು ಓದುಗರ ನಿಶ್ಚಯ. ಈ ಊರಿನ ಹೆಸರನ್ನೇ ಕಾವ್ಯನಾಮವಾಗಿ ತಳೆದ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರಿಗೆ ಒಯ್ದರು. ತಮ್ಮ ಓದುಗರನ್ನು ಕಣ್ಣಾರೆ ಕಂಡವರು ಅವರು. ಪ್ರವೇಶ ಬಯಸುವ ಪೋಷಕರಿಗೆ ಏನು ಬೇಕು, ದೂರದಲ್ಲಿರುವ ಹಳೆಯ ವಿದ್ಯಾರ್ಥಿಗೆ ಏನು ಬೇಕು, ದಾನಿಗೆ ಏನು ತಿಳಿಯಬೇಕು ಎಂಬುದನ್ನು ನಾವೂ ಮೊದಲೇ ಬರೆದಿಡಬೇಕು. ಬಹುಮಂದಿ ಕೈಫೋನಿನಲ್ಲೇ ಓದುವರೆಂಬುದನ್ನು ಮರೆಯಲಾಗದು.

ಎರಡನೆಯದು ಪಾಠಸಂಗ್ರಹ. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಹೊರಬಂದಿತು. ಅದಕ್ಕೆ ಮುನ್ನ ತಾಳೆಯೋಲೆಗಳ ಸಂಗ್ರಹಣೆ, ಪರಿಶೋಧನೆಗಳಲ್ಲಿ ಅನೇಕ ವರ್ಷಗಳು ಸಂದಿದ್ದವು. ಸಂಗ್ರಹವು ಮುದ್ರಣಕ್ಕಿಂತ ಮುಂಚಿನದು. ಸಂಸ್ಥೆಯ ಇತಿಹಾಸ, ಇಸವಿಗಳು, ಛಾಯಾಚಿತ್ರಗಳ ವಿವರ, ಇವೆಲ್ಲ ದಾಖಲೆಗಳೊಡನೆ ತಾಳೆನೋಡಲ್ಪಟ್ಟು ವಿನ್ಯಾಸಕನ ಕೈಸೇರಬೇಕು.

ಮೂರನೆಯದು ಲಿಪಿ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕಡತಗಳು ಆಯಾ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಅರ್ಥಹೀನ ರೋಮನ್ ಚಿಹ್ನೆಗಳಾಗಿ ತೋರುತ್ತವೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಸ್ಥಾನವಿದೆ. ಹಳೆಯ ಕಡತಗಳನ್ನು ಅದಕ್ಕೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಕನ್ನಡ ಬಲ್ಲವರೇ ತಿದ್ದಬೇಕು. ಬರಹವನ್ನು ಚಿತ್ರರೂಪದಲ್ಲಿ ಅಂಟಿಸಿದರೆ ಅದನ್ನು ಹುಡುಕುವುದು ಕಷ್ಟ. ದೃಷ್ಟಿಹೀನರಿಗೆ ಓದಿ ಹೇಳುವ ಸಾಧನವೂ ಅಲ್ಲಿ ಸೋಲುತ್ತದೆ.

ನಾಲ್ಕನೆಯದು ಒಪ್ಪಿಗೆ. ದಾನಿಗಳ ಹೆಸರನ್ನು ಅವರನ್ನು ಕೇಳಿಯೇ ಪ್ರಕಟಿಸುವುದು ಸೌಜನ್ಯ. ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಸಮ್ಮತಿಯನ್ನು ವಿಧಿಸಿದೆ.

ಐದನೆಯದು ಒಡೆತನ ಮತ್ತು ಪೋಷಣೆ. ತಾಣದ ಹೆಸರು ಸಂಸ್ಥೆಯ ಹೆಸರಿನಲ್ಲೇ ನೋಂದಣಿಯಾಗಬೇಕು, ವಿನ್ಯಾಸಕನ ಹೆಸರಿನಲ್ಲಲ್ಲ. ಗುಪ್ತಪದಗಳು ಇಬ್ಬರು ಹೊಣೆಗಾರರ ಬಳಿ ಇರಲಿ; ಸಮಗ್ರ ಪ್ರತಿಯೊಂದು ಶಾಲೆಯಲ್ಲಿರಲಿ. ಅವಧಿ ಮುಗಿದ ಹೆಸರನ್ನು ನವೀಕರಿಸದಿದ್ದರೆ ಅದು ಅನ್ಯರ ಪಾಲಾಗಬಹುದು.

ಪೂರ್ವಿಕರು ದೇವಾಲಯವನ್ನು ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ. ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು, ಎಂದರೆ ಒಡೆದುದನ್ನು ಸರಿಪಡಿಸಲೆಂದು, ಪ್ರತ್ಯೇಕವಾಗಿ ಭೂಮಿಯನ್ನು ಬಿಟ್ಟರು. ಜಾಲತಾಣಕ್ಕೂ ನಿರ್ಮಾಣದ ವೆಚ್ಚ ಒಮ್ಮೆ, ಪೋಷಣೆಯ ವೆಚ್ಚ ಪ್ರತಿವರ್ಷ. ಉದ್ಘಾಟನೆಗೆ ಮುಂದಾಗುವ ದಾನಿಗಳು ಹಲವರು. ಜೀರ್ಣೋದ್ಧಾರಕ್ಕೆ ದತ್ತಿಯಿಡುವ ಒಬ್ಬ ದಾನಿಯು ದೊರೆತರೆ ಸಂಸ್ಥೆಯ ನೆನಪು ಮುಂದಿನ ತಲೆಮಾರಿಗೂ ಉಳಿಯುತ್ತದೆ.